ಮೂರು ವರ್ಷದ ಕುರ್ಚಿ, ಮೂವತ್ತು ವರ್ಷದ ನಿರ್ಧಾರ: ವಾಯುಪಡೆ ಮುಖ್ಯಸ್ಥರ ಕೆಲಸವೇನು?

ಧಾರವಾಡದ ಸಪ್ತಾಪುರದಲ್ಲಿ ಓದಲು ಕೂತ ಯಾವ ಹುಡುಗನನ್ನು ಕೇಳಿದರೂ ವಾಯುಪಡೆ ಮುಖ್ಯಸ್ಥರ ಹೆಸರು ತಟ್ಟನೆ ಹೇಳುತ್ತಾನೆ. ಪಿಎಸ್‌ಐ ಇರಲಿ, ಕೆಎಎಸ್ ಇರಲಿ, ಅಗ್ನಿವೀರ್ ಇರಲಿ, ಈ ಪ್ರಶ್ನೆ ಬಂದರೂ ಬರಬಹುದು ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಆದರೆ "ಅವರ ಕೆಲಸ ಏನು?" ಎಂದು ಕೇಳಿ ನೋಡಿ. "ಯುದ್ಧ ಬಂದಾಗ ಆರ್ಡರ್ ಕೊಡ್ತಾರೆ" ಎನ್ನುವುದಕ್ಕಿಂತ ಮುಂದೆ ಹೋಗುವವರು ಕಡಿಮೆ.

ಆ ಉತ್ತರ ಪೂರ್ತಿ ತಪ್ಪಲ್ಲ. ಆದರೆ ಮುಖ್ಯಸ್ಥರಾದವರ ಮೂರು ವರ್ಷದಲ್ಲಿ ಯುದ್ಧದ ದಿನಗಳು ಎಷ್ಟು ಬಂದಾವು? ಬಹಳ ಜನರ ಅವಧಿಯಲ್ಲಿ ಒಂದು ದಿನವೂ ಬಂದಿಲ್ಲ. ಉಳಿದ ಎಲ್ಲಾ ದಿನ ಅವರು ಮಾಡುವುದು ಮುಂದಿನ ಯುದ್ಧದ ತಯಾರಿ. ಆ ತಯಾರಿಯ ಫಲ ಅವರ ಕಾಲದಲ್ಲಿ ಕಾಣುವುದೂ ಅಪರೂಪ. ಹೊಲದ ಬದುವಿನ ಮೇಲೆ ಹುಣಸೆ ಗಿಡ ಹಚ್ಚಿದ ಅಜ್ಜನ ಹಾಗೆ. ಹಣ್ಣು ಬಡಿಯುವವರು ಮೊಮ್ಮಕ್ಕಳು. ಇದನ್ನು ಹಿಡಿದುಕೊಂಡರೆ ಈ ಹುದ್ದೆಯ ಉಳಿದ ಸಂಗತಿಗಳು ತಾವಾಗಿಯೇ ಅರ್ಥವಾಗುತ್ತವೆ.

ಮೊದಲು ಅಧಿಕಾರದ ಗೆರೆ ಎಲ್ಲಿದೆ ನೋಡೋಣ. ಸಂವಿಧಾನದ 53ನೇ ವಿಧಿಯ ಪ್ರಕಾರ ಮೂರೂ ಪಡೆಗಳ ಪರಮೋಚ್ಚ ಅಧಿಕಾರ ರಾಷ್ಟ್ರಪತಿಯವರದ್ದು. ಯುದ್ಧ ಬೇಕೋ ಬೇಡವೋ, ಗಡಿ ದಾಟಬೇಕೋ ಬೇಡವೋ ಎಂದು ನಿಜವಾಗಿ ತೀರ್ಮಾನಿಸುವುದು ಪ್ರಧಾನಿ ಅಧ್ಯಕ್ಷತೆಯ ಭದ್ರತಾ ಸಂಪುಟ ಸಮಿತಿ. ವಾಯುಪಡೆ ಮುಖ್ಯಸ್ಥರು ರಕ್ಷಣಾ ಮಂತ್ರಿಯ ಕೆಳಗೆ ಕೆಲಸ ಮಾಡುತ್ತಾರೆ. ಆಕಾಶದಿಂದ ಏನು ಮಾಡಲು ಸಾಧ್ಯ, ಏನು ಸಾಧ್ಯವಿಲ್ಲ, ಮಾಡಿದರೆ ಎಷ್ಟು ನಷ್ಟವಾದೀತು ಎಂದು ಸರ್ಕಾರಕ್ಕೆ ಮುಚ್ಚುಮರೆ ಇಲ್ಲದೆ ಹೇಳುವುದು ಅವರ ಮೊದಲ ಹೊಣೆ. ಸರ್ಕಾರ "ಮಾಡಿ" ಎಂದರೆ ಮಾಡಿ ತೋರಿಸುವುದು ಎರಡನೆಯದು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಈ ಕುರ್ಚಿಯಲ್ಲಿ ಬ್ರಿಟಿಷರೇ ಇದ್ದರು. ಥಾಮಸ್ ಎಲ್ಮ್‌ಹರ್ಸ್ಟ್‌ರಿಂದ ಶುರುವಾಗಿ ಮೂವರು ಬಂದುಹೋದರು. 1954ರ ಏಪ್ರಿಲ್ 1ರಂದು ಸುಬ್ರೋತೊ ಮುಖರ್ಜಿ ಮೊದಲ ಭಾರತೀಯರಾಗಿ ಅಧಿಕಾರ ವಹಿಸಿಕೊಂಡರು. 1932ರಲ್ಲಿ ವಾಯುಪಡೆ ಹುಟ್ಟಿದಾಗ ಸೇರಿದ ಮೊದಲ ತಂಡದವರು ಅವರು.

ಈಗ 1965ರ ಸೆಪ್ಟೆಂಬರ್ 1ಕ್ಕೆ ಹೋಗೋಣ. ಈ ಹುದ್ದೆ ಏನೆಂದು ಆ ಒಂದು ಸಂಜೆ ತಿಳಿಸಿಕೊಟ್ಟಷ್ಟು ಸ್ಪಷ್ಟವಾಗಿ ಬೇರೆ ಯಾವ ದಿನವೂ ತಿಳಿಸಿಲ್ಲ ಅಂತ ನನಗನಿಸುತ್ತದೆ. ಜಮ್ಮುವಿನ ಛಾಂಬ್ ಕಡೆಯಿಂದ ಪಾಕಿಸ್ತಾನದ ಟ್ಯಾಂಕುಗಳು ಒಳಗೆ ನುಗ್ಗಿದ್ದವು. ಅಖ್ನೂರ್ ಕೈತಪ್ಪುವ ಭಯವಿತ್ತು. ಸಂಜೆ ನಾಲ್ಕರ ಸುಮಾರಿಗೆ ಭೂಸೇನೆ ಮುಖ್ಯಸ್ಥ ಜೆ.ಎನ್. ಚೌಧುರಿ ಮತ್ತು ವಾಯುಪಡೆ ಮುಖ್ಯಸ್ಥ ಅರ್ಜನ್ ಸಿಂಗ್ ಇಬ್ಬರೂ ರಕ್ಷಣಾ ಮಂತ್ರಿ ಯಶವಂತರಾವ್ ಚವಾಣರ ಮುಂದೆ ಕೂತರು. ವಿಮಾನ ಕಳಿಸಲು ಎಷ್ಟು ಹೊತ್ತು ಬೇಕು ಎಂದು ಮಂತ್ರಿಗಳು ಕೇಳಿದರು. ಒಂದು ತಾಸು ಸಾಕು ಎಂದರು ಅರ್ಜನ್ ಸಿಂಗ್. ಮಂತ್ರಿಗಳು ಒಪ್ಪಿಗೆ ಕೊಟ್ಟರು. ಐದೂಕಾಲು ದಾಟುವಷ್ಟರಲ್ಲಿ ಪಠಾಣ್‌ಕೋಟ್‌ನಿಂದ ವಿಮಾನಗಳು ಮೇಲೆದ್ದಿದ್ದವು.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಮೇಲೆದ್ದ ಮೊದಲ ವಿಮಾನಗಳು ವ್ಯಾಂಪೈರ್‌ಗಳು. ನಮ್ಮ ವಾಯುಪಡೆಗೆ ಅವು ಬಂದದ್ದು 1948ರಲ್ಲಿ. ಎದುರಿಗಿದ್ದದ್ದು ಅವಕ್ಕಿಂತ ಬಹಳ ವೇಗದ ಸೇಬರ್ ಜೆಟ್. ಅದೇ ಸಂಜೆ ನಾಲ್ಕು ವ್ಯಾಂಪೈರ್‌ಗಳನ್ನು ಕಳೆದುಕೊಂಡೆವು. ಆಮೇಲೆ ಆ ಹಳೆಯ ವಿಮಾನಗಳನ್ನು ಮುಂಚೂಣಿಯಿಂದ ಹಿಂದಕ್ಕೆ ಕರೆಸಬೇಕಾಯಿತು. ಅರ್ಜನ್ ಸಿಂಗರ ಕೈಯಲ್ಲಿ ಒಂದು ತಾಸಿನ ನಿರ್ಧಾರವಿತ್ತು, ಅವರು ಅದನ್ನು ಧೈರ್ಯದಿಂದ ತೆಗೆದುಕೊಂಡರು. ಆದರೆ ಯಾವ ವಿಮಾನ ಹಾರಬೇಕು ಎನ್ನುವುದು ವರ್ಷಗಳ ಹಿಂದೆಯೇ, ಬೇರೆಯವರ ಕಾಲದಲ್ಲಿ ತೀರ್ಮಾನವಾಗಿತ್ತು.

ಅದೇ ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟ್ ಮೇಲೆ ಪಾಕಿಸ್ತಾನದ ವಿಮಾನಗಳು ಎರಗಿದವು. ಬಯಲಿನಲ್ಲಿ ನಿಂತಿದ್ದ ನಮ್ಮ ವಿಮಾನಗಳು ನಿಂತಲ್ಲೇ ಸುಟ್ಟುಹೋದವು. ಹೊಚ್ಚ ಹೊಸ ಮಿಗ್-21 ಕೂಡ ಅದರಲ್ಲಿದ್ದವು. ಪಾಠ ಕಹಿಯಾಗಿತ್ತು. ಮುಂದಿನ ವರ್ಷಗಳಲ್ಲಿ ಅರ್ಜನ್ ಸಿಂಗ್, ಅವರ ನಂತರ 1969ರಲ್ಲಿ ಬಂದ ಪಿ.ಸಿ. ಲಾಲ್ ಇಬ್ಬರೂ ನೆಲೆಗಳನ್ನು ಗಟ್ಟಿ ಮಾಡುವ ಕೆಲಸಕ್ಕೆ ಕೈಹಾಕಿದರು. ವಿಮಾನಗಳನ್ನು ಒಂದೇ ಕಡೆ ಸಾಲಾಗಿ ನಿಲ್ಲಿಸುವುದು ನಿಂತಿತು. ಬಾಂಬಿಗೆ ತಡೆಯೊಡ್ಡುವ ಗೋಡೆಗಳು, ಕಾಂಕ್ರೀಟ್ ಗೂಡುಗಳು ಎದ್ದವು. ಸಿಮೆಂಟು, ಕಬ್ಬಿಣ, ಗುತ್ತಿಗೆ, ಬಿಲ್ಲು: ಯಾವ ಪತ್ರಿಕೆಯ ಮುಖಪುಟಕ್ಕೂ ಬರದ ಕೆಲಸ. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಮತ್ತೆ ನಮ್ಮ ನೆಲೆಗಳ ಮೇಲೆ ಒಟ್ಟೊಟ್ಟಿಗೆ ದಾಳಿ ಮಾಡಿತು. ಈ ಸಲ ವಿಮಾನಗಳಿಗೆ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ. ಆ ಯುದ್ಧದ ಕಥೆ ಹೇಳುವಾಗ ನಾವು ಢಾಕಾ, ಲೊಂಗೆವಾಲಾ ಅನ್ನುತ್ತೇವೆ. ನನ್ನ ಮಟ್ಟಿಗೆ ಆ ಕಾಂಕ್ರೀಟ್ ಗೂಡುಗಳದ್ದೂ ಅಷ್ಟೇ ದೊಡ್ಡ ಪಾಲಿದೆ.

ಇನ್ನು ವಿಮಾನ ಖರೀದಿ. ಜನ ಜಾಸ್ತಿ ತಪ್ಪು ತಿಳಿದುಕೊಂಡಿರುವುದು ಇಲ್ಲಿಯೇ. ಮುಖ್ಯಸ್ಥರು ಸಹಿ ಹಾಕಿದರೆ ವಿಮಾನ ಬರುತ್ತದೆ ಎಂದು ಅಂದುಕೊಂಡಿರುತ್ತಾರೆ. ಹಾಗಲ್ಲ. ದೆಹಲಿಯ ವಾಯುಭವನದಲ್ಲಿರುವ ಕೇಂದ್ರ ಕಚೇರಿ ಮೊದಲು ತನಗೆ ಎಂಥ ವಿಮಾನ ಬೇಕು ಎಂದು ಬರೆದುಕೊಡುತ್ತದೆ. ಎಷ್ಟು ದೂರ ಹಾರಬೇಕು, ಎಷ್ಟು ಭಾರ ಹೊರಬೇಕು, ಲೇಹ್‌ನ ತೆಳು ಗಾಳಿಯಲ್ಲಿ ಮೇಲೇಳಬೇಕೋ ಎಂಬುದೆಲ್ಲ ಅದರಲ್ಲಿರುತ್ತದೆ. ರಕ್ಷಣಾ ಮಂತ್ರಿ ಅಧ್ಯಕ್ಷತೆಯ ಖರೀದಿ ಮಂಡಳಿ ಅದರ ಅಗತ್ಯವನ್ನು ಒಪ್ಪಬೇಕು. ಆಮೇಲೆ ಟೆಂಡರ್, ಹಾರಾಟದ ಪರೀಕ್ಷೆ, ಬೆಲೆ ಮಾತುಕತೆ, ಹಣಕಾಸು ಇಲಾಖೆ. ದೊಡ್ಡ ಮೊತ್ತವಾದರೆ ಕೊನೆಗೆ ಭದ್ರತಾ ಸಂಪುಟ ಸಮಿತಿ. ಒಂದೊಂದು ಮೆಟ್ಟಿಲಲ್ಲೂ ಫೈಲು ನಿಲ್ಲಬಹುದು, ವಾಪಸ್ಸೂ ಬರಬಹುದು.

ಫ್ರಾನ್ಸಿನ ಯುದ್ಧವಿಮಾನ ರಫೇಲ್ ಹೇಗೆ ಬಂತು ನೋಡಿ. 126 ಯುದ್ಧವಿಮಾನ ಬೇಕೆಂದು ಟೆಂಡರ್ ಕರೆದದ್ದು 2007ರಲ್ಲಿ. ಆಗ ಮುಖ್ಯಸ್ಥರಾಗಿದ್ದವರು ಫಾಲಿ ಹೋಮಿ ಮೇಜರ್. ಆರು ಕಂಪನಿಗಳು ಬಂದವು. ಬೆಂಗಳೂರಿನ ಹವೆ, ಜೈಸಲ್ಮೇರ್‌ನ ಬಿಸಿಲು, ಲೇಹ್‌ನ ಎತ್ತರ, ಮೂರೂ ಕಡೆ ವಿಮಾನಗಳನ್ನು ಹಾರಿಸಿ ನೋಡಿದರು. 2012ರಲ್ಲಿ ರಫೇಲ್ ಆಯ್ಕೆಯಾಯಿತು. ಆದರೆ ಆ 126ರ ಒಪ್ಪಂದ ಆಗಲೇ ಇಲ್ಲ. ಕೊನೆಗೆ 2016ರ ಸೆಪ್ಟೆಂಬರ್‌ನಲ್ಲಿ ಸಹಿ ಬಿದ್ದದ್ದು 36 ವಿಮಾನಗಳಿಗೆ. ಮೊದಲ ಐದು ಅಂಬಾಲಾದಲ್ಲಿ ಇಳಿದದ್ದು 2020ರ ಜುಲೈ 29ರಂದು. ಅಷ್ಟರಲ್ಲಿ ಮೇಜರ್, ನಾಯಕ್, ಬ್ರೌನ್, ರಾಹಾ, ಧನೋವಾ ಐವರೂ ನಿವೃತ್ತರಾಗಿ ಭದೌರಿಯಾ ಕುರ್ಚಿಯಲ್ಲಿದ್ದರು. ಬೇಕು ಎಂದವರೊಬ್ಬರು, ಬರಮಾಡಿಕೊಂಡವರೊಬ್ಬರು. ನಡುವಿನ ನಾಲ್ವರು ಅದೇ ಫೈಲನ್ನು ಜೀವಂತವಾಗಿ ಇಟ್ಟರು. ಭದೌರಿಯಾ ಅವರು ಹಿಂದೆ ಉಪ ಮುಖ್ಯಸ್ಥರಾಗಿದ್ದಾಗ ಬೆಲೆ ಮಾತುಕತೆ ತಂಡದ ನೇತೃತ್ವ ವಹಿಸಿದ್ದರು. ಅದಕ್ಕೇ ಎರಡು ಸೀಟಿನ ರಫೇಲ್‌ಗಳ ಬಾಲದ ಮೇಲೆ ಅವರ ಹೆಸರಿನ 'ಆರ್‌ಬಿ' ಅಕ್ಷರಗಳಿವೆ. ಒಂದು ಸೀಟಿನವುಗಳ ಮೇಲೆ ಬೀರೇಂದರ್ ಸಿಂಗ್ ಧನೋವಾ ಹೆಸರಿನ 'ಬಿಎಸ್' ಇದೆ. ಹಿರಿಯ ಅಧಿಕಾರಿಯ ದುಡಿಮೆಗೆ ಇಷ್ಟು ಕಣ್ಣಿಗೆ ಕಾಣುವ ಗುರುತು ಸಿಗುವುದು ಬಹಳ ಕಮ್ಮಿ.

ನಮ್ಮಲ್ಲೇ ತಯಾರಾಗುವ ಯುದ್ಧವಿಮಾನ ತೇಜಸ್ ಕಥೆ ಇನ್ನೂ ಉದ್ದ. ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1983ರಲ್ಲಿ, ಮೊದಲ ಹಾರಾಟ 2001ರ ಜನವರಿ 4ರಂದು, ಮೊದಲ ಸ್ಕ್ವಾಡ್ರನ್ (ಯುದ್ಧವಿಮಾನಗಳ ತುಕಡಿ) ಕಟ್ಟಿದ್ದು 2016ರ ಜುಲೈನಲ್ಲಿ. 2021ರಲ್ಲಿ ಇನ್ನೂ 83 ತೇಜಸ್ ಮಾರ್ಕ್-1ಎ ಬೇಕೆಂದು ಒಪ್ಪಂದವಾಯಿತು. 2024ರಲ್ಲಿ ಅವು ಬರಲು ಶುರುವಾಗಬೇಕಿತ್ತು. ಆಗಲಿಲ್ಲ. ಅಮೆರಿಕದಿಂದ ಎಂಜಿನ್ ತಡವಾದದ್ದು ಒಂದು ಕಾರಣ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಏರ್ ಶೋ ಹೊತ್ತಿಗೆ ಆಗ ವಾಯುಪಡೆ ಮುಖ್ಯಸ್ಥರಾಗಿದ್ದ ಎ.ಪಿ. ಸಿಂಗ್, ತೇಜಸ್ ತಯಾರಿಸುವ ಎಚ್‌ಎಎಲ್ ಅಧಿಕಾರಿಗಳ ಮುಂದೆಯೇ ತಮಗೆ ಭರವಸೆ ಉಳಿದಿಲ್ಲ ಎಂದುಬಿಟ್ಟರು. ಕೆಲವರಿಗೆ ಅದು ಸರಿ ಕಾಣಲಿಲ್ಲ. ನನಗೆ ಸರಿ ಕಂಡಿತು. ಅವರು ಸ್ವತಃ ಟೆಸ್ಟ್ ಪೈಲಟ್, ತೇಜಸ್ ಹಾರಾಟ ಪರೀಕ್ಷೆಯ ಹೊಣೆ ಹೊತ್ತಿದ್ದವರು. ವಿಮಾನ ಚೆನ್ನಾಗಿಲ್ಲ ಎಂದು ಅವರು ಹೇಳಲಿಲ್ಲ, ಬರುತ್ತಿಲ್ಲ ಎಂದರು. ಅದನ್ನು ಹೇಳುವ ಅಧಿಕಾರ ಅವರಿಗಿಂತ ಜಾಸ್ತಿ ಯಾರಿಗಿದೆ?

ಯಾಕಂದರೆ ಲೆಕ್ಕ ಬಿಗಿಯಾಗಿದೆ. ಮಂಜೂರಾದ ಯುದ್ಧವಿಮಾನ ಸ್ಕ್ವಾಡ್ರನ್‌ಗಳು 42. ಒಂದರಲ್ಲಿ ಹದಿನಾರು, ಹದಿನೆಂಟು ವಿಮಾನ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದ ಮೇಲೆ ಉಳಿದದ್ದು 29. ಅರುವತ್ತು ವರ್ಷ ದುಡಿದ ಆ ವಿಮಾನವನ್ನು ಅಂದು ಎ.ಪಿ. ಸಿಂಗ್ ತಾವೇ ಹಾರಿಸಿದರು.

ಹಾಗಾದರೆ ಮುಖ್ಯಸ್ಥರ ಸ್ವಂತ ಕೈಯಲ್ಲಿ ಏನೂ ಇಲ್ಲವೇ? ಬೇಕಾದಷ್ಟಿದೆ. ಪೈಲಟ್‌ಗಳಿಗೆ ಏನು ಕಲಿಸಬೇಕು, ಎಷ್ಟು ತಾಸು ಹಾರಿಸಬೇಕು, ಯಾವ ಸ್ಕ್ವಾಡ್ರನ್ ಯಾವ ನೆಲೆಯಲ್ಲಿರಬೇಕು, ಯುದ್ಧದ ರೀತಿ ಹೇಗಿರಬೇಕು, ಯಾರನ್ನು ಎಲ್ಲಿಗೆ ಹಾಕಬೇಕು, ಇವೆಲ್ಲ ಅವರ ಕಚೇರಿಯ ಮಾತು. ಸುಮಾರು ಒಂದೂವರೆ ಲಕ್ಷ ಜನರ ಶಿಸ್ತು, ಊಟ, ವಸತಿ, ರಜೆ, ಎಲ್ಲದರ ಕೊನೆಯ ಹೊಣೆಯೂ ಅವರದ್ದೇ. ಆದರೆ ಇಲ್ಲೂ ಗೆರೆ ಇದೆ. 1950ರ ವಾಯುಪಡೆ ಕಾಯ್ದೆ ಪ್ರಕಾರ ಒಬ್ಬ ಏರ್‌ಮ್ಯಾನ್‌ನನ್ನು ಸೇವೆಯಿಂದ ತೆಗೆಯುವ ಅಧಿಕಾರ ಮುಖ್ಯಸ್ಥರಿಗಿದೆ. ಒಬ್ಬ ಅಧಿಕಾರಿಯನ್ನು ಆಡಳಿತ ಆದೇಶದಿಂದ ತೆಗೆಯಬೇಕಾದರೆ ಕೇಂದ್ರ ಸರ್ಕಾರವೇ ಬೇಕು. ಏರ್ ಮಾರ್ಷಲ್ ಬಡ್ತಿಗೂ ಸರ್ಕಾರದ ಒಪ್ಪಿಗೆ ಬೇಕು.

ಅವರ ಕೈಯಲ್ಲಿರುವ ಕೆಲಸಗಳಲ್ಲಿ ಅತ್ಯಂತ ಕಠಿಣವಾದದ್ದು ಹಾರಾಟ ನಿಲ್ಲಿಸುವುದು. 2023ರ ಮೇ ತಿಂಗಳಲ್ಲಿ ರಾಜಸ್ಥಾನದ ಹನುಮಾನ್‌ಗಢದ ಹತ್ತಿರ ಮಿಗ್-21 ಒಂದು ಮನೆಯ ಮೇಲೆ ಬಿದ್ದು ಮೂವರು ಹಳ್ಳಿಗರು ತೀರಿಕೊಂಡರು. ತನಿಖೆ ಮುಗಿಯುವ ತನಕ ಅಷ್ಟೂ ಮಿಗ್-21ಗಳನ್ನು ನೆಲಕ್ಕಿಳಿಸಿದರು. ಕೇಳಲು ಸುಲಭ. ಆದರೆ ಮೊದಲೇ ವಿಮಾನ ಕಡಿಮೆ ಇರುವಾಗ ಇರುವ ಸ್ಕ್ವಾಡ್ರನ್‌ಗಳನ್ನೂ ನಿಲ್ಲಿಸಿದರೆ ಗಡಿ ಕಾಯುವವರು ಯಾರು? ನಿಲ್ಲಿಸದೆ ಇನ್ನೊಬ್ಬ ಪೈಲಟ್ ಹೋದರೆ ಅವನ ಮನೆಯವರಿಗೆ ಉತ್ತರ ಹೇಳುವವರು ಯಾರು? ಇಂಥ ನಿರ್ಧಾರದಲ್ಲಿ ಚಪ್ಪಾಳೆ ಇರುವುದಿಲ್ಲ.

ಇನ್ನೊಂದು ಉದಾಹರಣೆ ಹೆಣ್ಣುಮಕ್ಕಳದ್ದು. 2015ರ ಅಕ್ಟೋಬರ್ 8ರ ವಾಯುಪಡೆ ದಿನದಂದು ಅರೂಪ್ ರಾಹಾ ಮಹಿಳೆಯರನ್ನು ಯುದ್ಧವಿಮಾನಕ್ಕೆ ತೆಗೆದುಕೊಳ್ಳುವ ಯೋಜನೆ ಹೇಳಿದರು. ಅದೇ ತಿಂಗಳು ರಕ್ಷಣಾ ಸಚಿವಾಲಯ ಒಪ್ಪಿತು. 2016ರ ಜೂನ್ 18ರಂದು ಹೈದರಾಬಾದ್ ಹತ್ತಿರದ ದುಂಡಿಗಲ್ ವಾಯುಪಡೆ ಅಕಾಡೆಮಿಯಿಂದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಹೊರಬಂದರು. ಮುಖ್ಯಸ್ಥರು ಮುಂದೆ ಬಂದು ಬೇಕು ಎಂದರು, ಸಚಿವಾಲಯ ಆಗಲಿ ಎಂದಿತು, ಒಂದು ವರ್ಷದೊಳಗೆ ಆಯಿತು. ಎಲ್ಲ ಫೈಲೂ ರಫೇಲ್‌ನಷ್ಟು ನಿಧಾನವಲ್ಲ.

ನಮ್ಮ ಭಾಗಕ್ಕೆ ಈ ಹುದ್ದೆ ಹೇಗೆ ತಾಗುತ್ತದೆ? ಮುಖ್ಯಸ್ಥರ ಕೆಳಗೆ ಏಳು ಕಮಾಂಡ್‌ಗಳಿವೆ. ದೆಹಲಿ, ಶಿಲ್ಲಾಂಗ್, ಪ್ರಯಾಗರಾಜ್, ಗಾಂಧಿನಗರ, ತಿರುವನಂತಪುರದ ಐದು ಕಮಾಂಡ್‌ಗಳು ಕಾರ್ಯಾಚರಣೆಗೆ. ನಾಗ್ಪುರದ್ದು ರಿಪೇರಿ, ನಿರ್ವಹಣೆಗೆ. ಬೆಂಗಳೂರಿನದ್ದು ತರಬೇತಿಗೆ. ಒಂದೊಂದಕ್ಕೂ ಒಬ್ಬ ಏರ್ ಮಾರ್ಷಲ್. ಬೀದರ್‌ನಲ್ಲಿ ಜೆಟ್ ಕಲಿಯುವ ಪೈಲಟ್‌ಗಳು, ಬೆಳಗಾವಿ ಸಾಂಬ್ರಾದ ಏರ್‌ಮೆನ್ ಟ್ರೇನಿಂಗ್ ಸ್ಕೂಲ್, ಎರಡೂ ಬೆಂಗಳೂರಿನ ಆ ತರಬೇತಿ ಕಮಾಂಡ್‌ಗೆ ಸೇರಿದವು. ಹಾವೇರಿ ಅಥವಾ ಗದಗಿನ ಹುಡುಗ ಅಗ್ನಿವೀರ್‌ವಾಯು ಆಗಿ ಆಯ್ಕೆಯಾದರೆ ಹುಬ್ಬಳ್ಳಿ ದಾಟಿ ಸಾಂಬ್ರಾದಲ್ಲೇ ಕವಾಯತು ಕಲಿಯುವ ಸಾಧ್ಯತೆ ಇದೆ. ಅವನ ತರಬೇತಿಯ ಪಠ್ಯ ವಾಯುಪಡೆಯ ನಿರ್ಧಾರ. ನಾಲ್ಕು ವರ್ಷದ ಸೇವೆ, ಆಮೇಲೆ ನೂರಕ್ಕೆ ಹೆಚ್ಚೆಂದರೆ 25 ಜನರನ್ನು ಉಳಿಸಿಕೊಳ್ಳುವುದು, ಇದು 2022ರಲ್ಲಿ ಸರ್ಕಾರ ತೆಗೆದುಕೊಂಡ ನಿರ್ಧಾರ. ಹುಡುಗರು ಸಿಟ್ಟಿಗೋ ಸಂತೋಷಕ್ಕೋ ವಾಯುಪಡೆ ಮುಖ್ಯಸ್ಥರ ಹೆಸರು ಹೇಳುತ್ತಾರೆ. ಯಾವುದು ಯಾರ ನಿರ್ಧಾರ ಎಂದು ತಿಳಿದಿದ್ದರೆ ಪ್ರಶ್ನೆಯನ್ನು ಸರಿಯಾದ ಬಾಗಿಲಲ್ಲಿ ಕೇಳಬಹುದು.

2019ರ ಆಗಸ್ಟ್ ನೆನಪಿರಬೇಕು. ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲ್ಲೂಕಿನ ಹಳ್ಳಿಗಳು ನೀರಲ್ಲಿ ನಿಂತಿದ್ದವು. ಅದೇ ವಾರ ಕೊಪ್ಪಳ ಜಿಲ್ಲೆಯ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡ ಪ್ರವಾಸಿಗರನ್ನು ವಾಯುಪಡೆ ಹೆಲಿಕಾಪ್ಟರ್ ಎತ್ತಿಕೊಂಡು ಬಂತು. ಇಂಥ ಹೊತ್ತಿನಲ್ಲಿ ದೆಹಲಿಯ ಮುಖ್ಯಸ್ಥರು ಒಂದೊಂದು ಹೆಲಿಕಾಪ್ಟರ್‌ಗೂ ಆದೇಶ ಕೊಡುತ್ತಾ ಕೂರುವುದಿಲ್ಲ. ಜಿಲ್ಲಾಡಳಿತ ರಾಜ್ಯ ಸರ್ಕಾರಕ್ಕೆ ಹೇಳುತ್ತದೆ, ರಾಜ್ಯ ನೆರವು ಕೇಳುತ್ತದೆ, ಕಮಾಂಡ್ ಮಟ್ಟದಲ್ಲಿ ವಿಮಾನ ಹೊರಡುತ್ತದೆ. ಹೆಲಿಕಾಪ್ಟರ್ ಹತ್ತಿರದ ನೆಲೆಯಲ್ಲಿ ತಯಾರಾಗಿ ನಿಂತಿತ್ತೇ, ಪ್ರವಾಹದ ಗಾಳಿ ಮಳೆಯಲ್ಲಿ ಹಾರಿಸಬಲ್ಲ ಪೈಲಟ್ ಇದ್ದನೇ ಎನ್ನುವುದು ಮಾತ್ರ ಮೇಲಿನವರು ವರ್ಷಗಟ್ಟಲೆ ಮಾಡಿಟ್ಟ ಕೆಲಸದ ಮೇಲೆ ನಿಂತಿರುತ್ತದೆ.

2020ರ ಜನವರಿಯಿಂದ ಈ ಹುದ್ದೆಯ ಪಕ್ಕದಲ್ಲಿ ಇನ್ನೊಂದು ಹುದ್ದೆ ಬಂದಿದೆ. ಮೂರೂ ಪಡೆಗಳ ವಿಷಯದಲ್ಲಿ ರಕ್ಷಣಾ ಮಂತ್ರಿಗೆ ಸಲಹೆ ಕೊಡುವ ಸಿಡಿಎಸ್, ಅಂದರೆ ಚೀಫ್ ಆಫ್ ಡಿಫೆನ್ಸ್ ಸ್ಟಾಫ್. ಮೊದಲು ಬಂದವರು ಜನರಲ್ ಬಿಪಿನ್ ರಾವತ್. ಹಾಗಂತ ವಾಯುಪಡೆ ಮುಖ್ಯಸ್ಥರು ಅವರ ಕೈಕೆಳಗಿನವರಾಗಲಿಲ್ಲ. ಇಬ್ಬರ ಹೆಗಲ ಮೇಲೂ ನಾಲ್ಕು ನಕ್ಷತ್ರದ ದರ್ಜೆಯೇ. ಸಿಡಿಎಸ್‌ಗೆ ಮುಖ್ಯಸ್ಥರ ಮೇಲೆ ಕಮಾಂಡ್ ಅಧಿಕಾರ ಇಲ್ಲ ಎಂದು ಸರ್ಕಾರ ಹುದ್ದೆ ಸೃಷ್ಟಿಸುವಾಗಲೇ ಹೇಳಿತ್ತು. ತಮ್ಮ ಪಡೆಯ ವಿಷಯದಲ್ಲಿ ಮುಖ್ಯಸ್ಥರು ಈಗಲೂ ನೇರವಾಗಿ ಮಂತ್ರಿಗೆ ಸಲಹೆ ಕೊಡುತ್ತಾರೆ.

ನಿಜವಾದ ಚರ್ಚೆ ಇರುವುದು ಥಿಯೇಟರ್ ಕಮಾಂಡ್ ಬಗ್ಗೆ. ಒಂದು ಗಡಿಗೆ ಒಬ್ಬ ಕಮಾಂಡರ್, ಅವನ ಕೆಳಗೇ ಭೂಸೇನೆ, ನೌಕಾಪಡೆ, ವಾಯುಪಡೆ ಎಲ್ಲ ಇರಲಿ ಎಂಬ ಯೋಚನೆ. ಹಾಗಾದರೆ ಇರುವ ಕಡಿಮೆ ವಿಮಾನಗಳನ್ನು ಗಡಿಗಡಿಗೆ ಹಂಚಬೇಕಾದೀತು ಎಂಬುದು ವಾಯುಪಡೆಯ ಅಳುಕು. ಇದಕ್ಕೆ ಕಾರಣ ಇದೆ. 2019ರ ಫೆಬ್ರುವರಿ 26ರ ಬಾಲಾಕೋಟ್ ದಾಳಿ ನಡೆದದ್ದು ಪಶ್ಚಿಮ ಗಡಿಯಾಚೆ. ದಾಳಿ ಮಾಡಿದ ಮಿರಾಜ್ ಯುದ್ಧವಿಮಾನಗಳು ಹೊರಟದ್ದು ಗ್ವಾಲಿಯರ್‌ನಿಂದ, ಅದು ಇರುವುದು ಕೇಂದ್ರ ಕಮಾಂಡ್‌ನಲ್ಲಿ. ವಿಮಾನಕ್ಕೆ ಗಡಿಯ ಹಂಗಿಲ್ಲ. ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಹೊಡೆಯಬಲ್ಲದು. ಎ.ಪಿ. ಸಿಂಗ್ ಕೂಡ 2025ರಲ್ಲಿ ಅವಸರ ಬೇಡ ಎಂದು ಬಹಿರಂಗವಾಗಿಯೇ ಹೇಳಿದ್ದಾರೆ. ಜಂಟಿಯಾಗಿ ಕೆಲಸ ಮಾಡುವುದು ಬೇಕೇ ಬೇಕು, ಆದರೆ 29 ಸ್ಕ್ವಾಡ್ರನ್ ಇಟ್ಟುಕೊಂಡು ಹಂಚಿಕೆಗೆ ಕೂರುವುದು ಕಷ್ಟ ಎಂಬ ಮಾತಿನಲ್ಲಿ ಹುರುಳಿದೆ ಅಂತ ನನ್ನ ಅಭಿಪ್ರಾಯ.

ಇನ್ನು ಈ ಕುರ್ಚಿಗೆ ಯಾರು ಬರುತ್ತಾರೆ? ಪ್ರಧಾನಿ ಮತ್ತು ಗೃಹಮಂತ್ರಿ ಇರುವ ಸಂಪುಟದ ನೇಮಕಾತಿ ಸಮಿತಿ ಆರಿಸುತ್ತದೆ. ಅವಧಿ ಮೂರು ವರ್ಷ ಇಲ್ಲವೇ 62 ವಯಸ್ಸು, ಯಾವುದು ಮೊದಲೋ ಅದು. ಏರ್ ಮಾರ್ಷಲ್‌ಗಳು 60ಕ್ಕೇ ನಿವೃತ್ತರಾಗುತ್ತಾರೆ. ಹಾಗಾಗಿ ಎಷ್ಟೇ ಜಾಣರಿದ್ದರೂ ಹುಟ್ಟಿದ ದಿನಾಂಕ ಕೂಡಿಬರದಿದ್ದರೆ ಕುರ್ಚಿ ಸಿಗುವುದಿಲ್ಲ. ಸಾಮಾನ್ಯವಾಗಿ ಯುದ್ಧವಿಮಾನದ ಪೈಲಟ್‌ಗಳೇ ಬರುತ್ತಾರೆ. 2007ರಲ್ಲಿ ಬಂದ ಫಾಲಿ ಮೇಜರ್ ಮೊದಲ ಹೆಲಿಕಾಪ್ಟರ್ ಪೈಲಟ್. ಭೂಸೇನೆಗೆ ಕೊಡಗಿನಿಂದ ಕಾರ್ಯಪ್ಪ, ತಿಮ್ಮಯ್ಯ ಮುಖ್ಯಸ್ಥರಾದರು. 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ಮೇಲೆ ಆ ದೇಶದ ಯುದ್ಧವಿಮಾನ ಸ್ಟಾರ್‌ಫೈಟರ್ ಒಂದನ್ನು ಕೆಡವಿ ಪ್ರಾಣ ಬಿಟ್ಟ ಅಜ್ಜಮಾಡ ದೇವಯ್ಯ ಕೂಡ ಕೊಡಗಿನವರೇ. ಧಾರವಾಡ, ಗದಗ, ಹಾವೇರಿ ಕಡೆಯಿಂದ ವಾಯುಭವನದ ಆ ಕೋಣೆಗೆ ಇನ್ನೂ ಯಾರೂ ಹೋಗಿಲ್ಲ.

ಹೋಗುವ ದಾರಿ ಸಪ್ತಾಪುರದ ಹುಡುಗ ಹುಡುಗಿಯರಿಗೆ ಮುಚ್ಚಿಲ್ಲ. ಆದರೆ ಬೇಗ ಹೊರಡಬೇಕು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ, ಅಂದರೆ ಎನ್‌ಡಿಎ ಪರೀಕ್ಷೆ ನಡೆಸುತ್ತದೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸು, ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಬೇಕು. ಹೆಣ್ಣುಮಕ್ಕಳಿಗೂ ಈಗ ಅವಕಾಶ ಇದೆ, ಅವರ ಮೊದಲ ತಂಡ 2025ರ ಮೇ ತಿಂಗಳಲ್ಲಿ ಹೊರಬಂದಿದೆ. ಡಿಗ್ರಿ ಮುಗಿಸಿದವರಿಗೆ ಯುಪಿಎಸ್‌ಸಿಯ ಸಿಡಿಎಸ್ ಪರೀಕ್ಷೆ (ಮೇಲೆ ಹೇಳಿದ ಹುದ್ದೆಯಲ್ಲ, ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್ ಪರೀಕ್ಷೆ), ವಾಯುಪಡೆಯೇ ನಡೆಸುವ ಪರೀಕ್ಷೆ ಎಎಫ್‌ಕ್ಯಾಟ್ ಇವೆ. ಫ್ಲೈಯಿಂಗ್ ಆಫೀಸರ್‌ನಿಂದ ಏರ್ ಚೀಫ್ ಮಾರ್ಷಲ್ ತನಕ ಒಂಬತ್ತು ದರ್ಜೆ, ಸುಮಾರು ನಲವತ್ತು ವರ್ಷದ ನಡಿಗೆ. 1984ರ ಡಿಸೆಂಬರ್‌ನಲ್ಲಿ ಸೇರಿದ ಎ.ಪಿ. ಸಿಂಗ್ ಮುಖ್ಯಸ್ಥರಾದದ್ದು 2024ರ ಸೆಪ್ಟೆಂಬರ್ 30ರಂದು. ಇಂದು ಪಿಯುಸಿ ಎರಡನೇ ವರ್ಷದಲ್ಲಿರುವ ಹುಡುಗಿ ಎನ್‌ಡಿಎ ಸೇರಿದರೆ ಆ ಕುರ್ಚಿಯ ವಯಸ್ಸಿಗೆ ಬರುವುದು 2060ರ ದಶಕದಲ್ಲಿ. ಅವಳ ಕೈಕೆಳಗೆ ಆಗ ಯಾವ ವಿಮಾನ ಹಾರುತ್ತಿರಬೇಕು ಎಂಬ ಫೈಲು ವಾಯುಭವನದಲ್ಲಿ ಈಗಲೇ ತೆರೆಯಬೇಕಾದೀತು.